ಮುನ್ನೂರು ತಟ್ಟೆ

ದ್ವೀಪವಲ್ಲದ ನಾಡಿಗೆ ದ್ವೀಪದ ಹೆಸರಿಟ್ಟರು ಯಾರೋ ಹಳಬರು:
ರೋಡ್ ಐಲೆಂಡ್.
ಉತ್ತರದ ಗಡಿಯಲ್ಲಿ ಗಿಟಾರಿನ ತಂತಿ ಕಡಿದರೆ
ದಕ್ಷಿಣದ ಕಡಲಿಗೆ ಕೇಳಿಸುತ್ತದೆ
ಅನ್ನುತ್ತಿದ್ದ ಓರ್ಲಿಂಡೊ.
ಕೇಳಿಸಲಿಲ್ಲ. ಅಷ್ಟೇ ಕಥೆ.

ಬಾಸ್ಟನ್ನಿನಿಂದ ನ್ಯೂಯಾರ್ಕಿಗೆ ಹೋಗುವ ದೊಡ್ಡ ತಂಡಗಳು
ನಮ್ಮಲ್ಲಿ ಪೆಟ್ರೋಲು ಹಾಕಿಸುತ್ತಿದ್ದವು,
ಉಚ್ಚೆ ಹೊಯ್ದು ಮುಂದೆ ಹೋಗುತ್ತಿದ್ದವು.
ಒಮ್ಮೆ ಒಬ್ಬ ಉದ್ದಗೂದಲಿನವ
ನನ್ನ ಹತ್ತಿರ ಬೆಂಕಿಪೊಟ್ಟಣ ಇಸಕೊಂಡ.
ಹೊರಗಿನವರು ನಮ್ಮನ್ನು ಏನಾದರೂ ಕೇಳಿದ್ದು
ಅದೊಂದೇ ಸಲ.

ನಾನು ಓಡೀಲ್ ಗೊಡೆಟ್. ಡ್ರಮ್ಮು.
ಹಗಲು ಪಾಟಕೆಟ್ಟಿನ ಒಡವೆ ಕಾರ್ಖಾನೆಯಲ್ಲಿ
ಹುಸಿಮುತ್ತಿನ ಸರಕ್ಕೆ ಕೊಂಡಿ ಬೆಸೆಯುವ ಕೆಲಸ,
ನಿಮಿಷಕ್ಕೆ ಹದಿನಾಲ್ಕು.
ತಾಳ ನನಗೆ ಬಂದದ್ದು ಅಲ್ಲಿಂದ, ದೇವರಿಂದಲ್ಲ.
ಹಾಡುವವನು ಓರ್ಲಿಂಡೊ ಫೋಂಟೆಸ್,
ಕೇಪ್ ವರ್ಡಿನಿಂದ ಬಂದ ಅವನಪ್ಪ ಹಡಗುಕಟ್ಟೆಯಲ್ಲಿ ಮೂಟೆ ಹೊತ್ತವನು;
ಆ ಉಪ್ಪು ಮಗನ ಗಂಟಲಲ್ಲಿ ಹಾಗೇ ಉಳಿದಿತ್ತು.
ಬೇಸ್ ಗಿಟಾರಿಗೆ ಕಾಂಚೆಟ್ಟಾ ಯಾಫ್ರಾಟೆ:
ಮಾತಾಡಿದರೆ ಜಗಳ, ನುಡಿಸಿದರೆ ನೆಲ ಗುಂಯ್.
ಇನ್ನು ನನ್ನಣ್ಣ ಜೆಫಿರಿನ್. ಅವನ ವಿಷಯ ಆಮೇಲೆ.

ಟಿನ್ ಪರ್ಲ್ಸ್ ಎಂದು ಹೆಸರಿಟ್ಟುಕೊಂಡೆವು,
ತಗಡಿನ ಮುತ್ತುಗಳು. ಸುಳ್ಳೇನಲ್ಲ.
ಮಾಜಿ ಸೈನಿಕರ ಹಾಲು, ಸ್ಕೇಟಿಂಗ್ ಅಂಗಳ,
ಬಿಂಗೋ ಮುಗಿದ ಮೇಲೆ ಇಗರ್ಜಿಯ ನೆಲಮಾಳಿಗೆ.
ಸಂಭಾವನೆ ಒಮ್ಮೊಮ್ಮೆ ಡಾಲರು,
ಒಮ್ಮೊಮ್ಮೆ ಚಿಪ್ಪುಮೀನಿನ ಬೋಂಡ, ತಣ್ಣನೆ ಕಾಫಿ ಹಾಲು.
ರಾಜ್ಯಪ್ರವಾಸ ಹೊರಟರೂ
ರಾತ್ರಿಯೂಟಕ್ಕೆ ಮನೆಯಲ್ಲೇ.
ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ;
ಇಡೀ ರಾಜ್ಯವೇ ಹಿತ್ತಲಾದರೆ
ಮದ್ದು ಹುಡುಕುವುದೆಲ್ಲಿ?
ನಮ್ಮೂರ ರೇಡಿಯೋದವನೂ ಹಾಕುತ್ತಿದ್ದದ್ದು
ಬಾಸ್ಟನ್ನಿನ ಹಾಡೇ.

ಎಪ್ಪತ್ತೆಂಟರ ಫೆಬ್ರವರಿ, ಸೋಮವಾರ.
ಜೆಫಿರಿನ್ ಮೋಟಾರುಬೈಕು ಮಾರಿದ ದುಡ್ಡಲ್ಲಿ
ಮುನ್ನೂರು ತಟ್ಟೆ ಒತ್ತಿಸಿದ್ದೆವು.
ಒಂದು ಮಗ್ಗುಲಿಗೆ ‘ಐದು ಗಂಟೆಯ ಸೈರನ್’,
ಇನ್ನೊಂದಕ್ಕೆ ‘ಸೇತುವೆಯ ಸುಂಕ’.
ಕಾರಿನ ಡಿಕ್ಕಿಯಲ್ಲಿ ಹೇರಿಕೊಂಡು ಹೊರಟಾಗ ಮಧ್ಯಾಹ್ನ,
ಹಿಮ ಹೊಟ್ಟಿನಂತೆ ಉದುರುತ್ತಿತ್ತು.
ನಾಲ್ಕು ಗಂಟೆಗೆ ಹೆದ್ದಾರಿಯೇ ಇರಲಿಲ್ಲ.
ಮುಂದೊಂದು ಬ್ರೆಡ್ಡಿನ ವ್ಯಾನು, ಹಿಂದೊಬ್ಬಳು ನರ್ಸು,
ಅದರಾಚೆ ಬರೀ ಬಿಳಿ.

ಹೊಗೆಕೊಳವೆ ಹೂತುಹೋದರೆ ಒಳಗಿದ್ದವರು
ನಿದ್ದೆಯಲ್ಲೇ ಸಾಯುತ್ತಾರೆ, ಅಂದಿತು ರೇಡಿಯೋ,
ಮತ್ತೆ ಬಾಸ್ಟನ್ನಿನ ಹಾಡು ಹಾಕಿತು.
ನಮ್ಮಲ್ಲಿ ಸಲಿಕೆ ಇಲ್ಲ.
ಕಾಂಚೆಟ್ಟಾ ಯಾರನ್ನೂ ಕೇಳಲಿಲ್ಲ, ಡಿಕ್ಕಿ ತೆಗೆದಳು,
ಪೆಟ್ಟಿಗೆ ಹರಿದಳು.

ಚಳಿಗೆ ವಿನೈಲ್ ಗಾಜಿನ ಜಾತಿ.
ನಾಲ್ಕು ಸಲ ಕೆರೆದರೆ ಐದನೆಯದಕ್ಕೆ ಚೂರು.
ಇನ್ನೊಂದು ಕೊಡು. ಇನ್ನೊಂದು.
ಬ್ರೆಡ್ಡಿನವನು ಬಂದ, ನರ್ಸು ಬಂದಳು,
ಕಂಬಳಿ ಹೊದ್ದ ಮುದುಕನೊಬ್ಬ ಎಲ್ಲಿಂದಲೋ ಬಂದ.
ಡಿಕ್ಕಿಯ ಪಕ್ಕ ನಿಂತು ಜೆಫಿರಿನ್
ಒಂದೊಂದನ್ನೂ ಕವಚದಿಂದ ತೆಗೆದು,
ಅಂಗಡಿಯವನ ಹಾಗೆ ಅಂಚು ಹಿಡಿದು ಕೊಟ್ಟ.
ಬೆಳಗಿನವರೆಗೆ ಆ ರಸ್ತೆಯಲ್ಲಿ
ಎಲ್ಲರ ಕೈಯಲ್ಲೂ ನಮ್ಮ ಹಾಡಿತ್ತು.

ಆಮೇಲೆ ಅವನು ಗಿಟಾರು ಮುಟ್ಟಲಿಲ್ಲ.
ದುಃಖ ಅಂತ ನೀವು ಬರೆದುಕೊಳ್ಳಬೇಡಿ.
ಸರಕಾರದ ಹಿಮ ಗುಡಿಸುವ ಲಾರಿ ಸಿಕ್ಕಿತು,
ಮೂವತ್ತೊಂದು ಚಳಿಗಾಲ ಓಡಿಸಿದ,
ಗಾಡಿಯೊಳಗೆ ಶಿಳ್ಳೆ ಹಾಕುತ್ತ, ಯಾವಾಗಲೂ ಬೇರೆಯವರ ಹಾಡು.

ಹೋದ ತಿಂಗಳು ಬ್ರೆಡ್ಡಿನವನ ಮಗಳು
ಒಂದು ತಟ್ಟೆ ಕಳಿಸಿದಳು, ಅಡುಗೆಮನೆ ಗೋಡೆಯಲ್ಲಿ ತೂಗಿತ್ತಂತೆ.
ಅಂಚು ಮುಕ್ಕಾಗಿದೆ.
ಮುಳ್ಳನ್ನು ಒಳಗಿಟ್ಟರೆ ಕೊನೆಯ ಒಂದು ನಿಮಿಷ ಹಾಡುತ್ತದೆ.
ಶುರು ಹೇಗಿತ್ತೆಂದು ನನಗೂ ನೆನಪಿಲ್ಲ.

ಚರಿತ್ರೆ ಬರೆಯುವ ಹುಡುಗ ಇವತ್ತು ಬಂದು ಕೂತಿದ್ದಾನೆ.
ನಿಮ್ಮನ್ನು ಕೇಳಿದವರು ಎಷ್ಟು ಮಂದಿ, ಅಂದ.
ಕೇಳಿದವರು ಗೊತ್ತಿಲ್ಲಪ್ಪ,
ಬೆಳಿಗ್ಗೆ ಉಸಿರಾಡುತ್ತಿದ್ದವರು ಹನ್ನೊಂದು ಕಾರು.
ಅವನು ತಲೆ ಎತ್ತಲಿಲ್ಲ.
ಯಾಫ್ರಾಟೆಯ ಸ್ಪೆಲಿಂಗ್ ಕೇಳಿದ.
ಐ ಇಂದ ಶುರು, ಅಂದೆ.
ವೈ ಬರೆದುಕೊಂಡ.