ಹರಳು ಆರಿಸಿದ ಮಣ್ಣು

ಆಯಿ ಮಾಡಿದ್ದು ಯಾವುದೂ ಉಳಿದಿಲ್ಲ.
ಟ್ರಂಕಿನಲ್ಲಿ ಹುಡುಕಬೇಡಿ.
ಅಲ್ಲಿರುವುದು ಅಜ್ಜ ನೇಯ್ದ ಎರಡು ಸೀರೆ,
ಅವನದೇ ಒಂದು ಲಾಳಿ, ಅರ್ಧ ಸವೆದ ವಿಭೂತಿಗಟ್ಟಿ,
ಮತ್ತೆ ರೇಶನ್ ಕಾರ್ಡು.
ಅದರಲ್ಲಿ ಆಕೆಗೆ ಎಪ್ಪತ್ತೊಂದು ವರ್ಷ,
ಇಪ್ಪತ್ತು ವರ್ಷದಿಂದ ಅಷ್ಟೇ ಇದೆ.

ಅಂದಾನೆವ್ವ ತನ್ನ ವಯಸ್ಸನ್ನು ಎಣಿಸುತ್ತಿದ್ದದ್ದು
ಆಷಾಢದ ಮಂಗಳವಾರಗಳಲ್ಲಿ.
ವರ್ಷಕ್ಕೆ ನಾಲ್ಕು, ಒಮ್ಮೊಮ್ಮೆ ಐದು,
ವಾರಕ್ಕೊಬ್ಬಳು ಗುಳ್ಳವ್ವ.
"ಏಳು ವರ್ಷದಾಕಿ ಇದ್ದಾಗ ಮೊದಲನೇದ್ದು ಮಾಡಿದೆ,
ನಾಯಿಮರಿ ಆಗಿತ್ತು.
ಸುಮ್ಮನ ಪೂಜಿ ಮಾಡಿಸ್ಕೊಂತು, ಪಾಪ."

ಬೆಟಗೇರಿಯ ನಮ್ಮ ಓಣಿಗೆ ಹಗಲೆಲ್ಲ ಮಗ್ಗದ ಸದ್ದು.
ಅಜ್ಜ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ,
ಆಯಿ ಪಡಸಾಲೆಯಲ್ಲಿ ಕುಂತು
ಕೆರೆಯ ಎರಿಮಣ್ಣು ಕಲಸುತ್ತಿದ್ದಳು.
ಅದಕ್ಕೂ ಮೊದಲು ಹರಳು ಆರಿಸಬೇಕು,
ಗೋಲಿಯಷ್ಟಿರಲಿ, ಸಾಸಿವೆಯಷ್ಟಿರಲಿ.
"ಕಣ್ಣಿಗೆ ಕಾಣೂದಿಲ್ಲೋ, ಹೆಬ್ಬೆಟ್ಟಿಗೆ ಕೇಳು.
ಬಿಟ್ಟರ ತಾಯಿಗೆ ಚುಚ್ಚತಾವ."
ಹುಡುಗಿಯರ ನಡುವೆ ಒಬ್ಬನೇ ಗಂಡುಹುಡುಗ ನಾನು,
ನನಗೆ ಸಿಕ್ಕ ಕೆಲಸ ಅದೊಂದೇ.

ಬೆಳಗಿನ ಲಿಂಗಪೂಜೆ ಮುಗಿಸಿದ ಕೈ
ಹಾಗೇ ಮಣ್ಣಿಗೆ ಇಳಿಯುತ್ತಿತ್ತು, ನಡುವೆ ಒಂದು ಚಹಾ.
ಎರಡೂ ಪೂಜೆಯೇ ಏನು ಎಂದು ಕೇಳಿದೆ.
"ಅಲ್ಲಿ ಕೈ ಸುಮ್ಮನ ಇರತೈತಿ,
ಇಲ್ಲಿ ಇರೂದಿಲ್ಲ. ಅಷ್ಟ ಫರಕು."
ಮೂಗು ಸೊಟ್ಟಾದರೆ ದೇವಿಗೇ ಬೈಗುಳ:
"ನೆಟ್ಟಗ ಕುಂದರು. ಬಂದವರು ಏನಂದಾರು?"
ಗುಲಗಂಜಿಯ ಕಣ್ಣು, ಕುಸುಬಿ ಕಾಳಿನ ಮೂಗುತಿ,
ಮಗ್ಗದಡಿ ಉದುರಿದ ರೇಶಿಮೆ ಎಳೆಗಳ ಸೀರೆ.
ಮರುದಿನ ಹಳ್ಳದ ನೀರಿಗೆ.

ಗೌರಿ ಹುಣ್ಣಿಮೆಗೆ ಸಕ್ಕರೆ.
ಅಚ್ಚು ನೆನೆಸಿ, ದಾರ ಸುತ್ತಿ, ಪಾಕ ಹೊಯ್ದು
ಬಿಚ್ಚಿದರೆ ಆನೆ, ಒಂಟೆ, ಗೋಪುರ.
ಅಚ್ಚಿನ ಆನೆ ಸಾಲದು ಆಕೆಗೆ,
ಬಿಸಿ ಇರುವಾಗಲೇ ಸೂಜಿ ಹಿಡಿದು
ಕಿವಿಗೆ ನಾಲ್ಕು ಸುಕ್ಕು ಕೊರೆಯುವಳು.
ನಾವು ಆ ಕಿವಿಯನ್ನೇ ಮೊದಲು ತಿನ್ನುತ್ತಿದ್ದೆವು.

ನೀಲವ್ವತ್ತಿ ಬಾಣಂತನದಲ್ಲಿ ಹೋದ ವರ್ಷ
ಈ ಸಲ ಬ್ಯಾಡ ಅಂದರು ಎಲ್ಲರೂ.
ಆಯಿ ಮಾಡಿದಳು.
ಕಣ್ಣಿನ ಗುಣಿ ತೆಗೆದಳು, ಗುಲಗಂಜಿ ಇಡಲಿಲ್ಲ.
"ಈ ವರ್ಷ ನೀ ನಮ್ಮ ಮನಿ ನೋಡೂದು ಬ್ಯಾಡ"
ಎಂದಷ್ಟೇ ಹೇಳಿ ಆರತಿ ಎತ್ತಿದಳು.

ಒಮ್ಮೆ ಗದಗಿನಿಂದ ಚಿತ್ರಕಲೆಯ ಮಾಸ್ತರರೊಬ್ಬರು
ಸ್ಕೂಟರಿನ ಮೇಲೆ ಬಂದಿದ್ದರು.
ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ:
"ಅಮ್ಮಾರ, ಒಂದರ ಕೊಡ್ರಿ. ಭಟ್ಟಿಯೊಳಗ ಸುಟ್ಟು
ಗಾಜಿನ ಕಪಾಟಿನಾಗ ಇಡತೇವಿ, ನೂರು ವರ್ಷ ಇರತೈತಿ."
ಆಯಿ ಅವರ ಮುಂದೆ ಅವಲಕ್ಕಿ ಇಟ್ಟಳು.
"ಸುಟ್ಟರ ಆಕಿ ನೀರಾಗ ಹೆಂಗ ಕರಗಬೇಕ್ರಿ?
ಹೋಗಲಿಲ್ಲಂದ್ರ ಮುಂದಿನ ವರ್ಷ ಹೆಂಗ ಬರಬೇಕು?"
ಮಾಸ್ತರರು ಅವಲಕ್ಕಿ ತಿಂದರು,
ಎರಡನೇ ಸಲವೂ ಹಾಕಿಸಿಕೊಂಡರು.

ಕಡೆಕಡೆಗೆ ಕಣ್ಣಿಗೆ ಪೊರೆ, ಕೈಗೆ ನಡುಕ.
ಬೆರಳು ಮೂಡದ ಗುಳ್ಳವ್ವ, ಕಿವಿ ಮೂಡದ ಗುಳ್ಳವ್ವ.
ಹೋದ ಆಷಾಢಕ್ಕೆ ಬರೇ ಒಂದು ಮುದ್ದೆ,
ನಡುವೆ ಹೆಬ್ಬೆಟ್ಟು ಒತ್ತಿದ ಗುರುತು.
ನನ್ನ ಮಗಳು ಕೇಳಿತು, "ಮಾರಿ ಎಲ್ಲೈತಿ?"
"ನಾಯಿಮರಿ ಅಲ್ಲಲಾ, ಅಷ್ಟ ಸಾಕು"
ಎಂದು ನಕ್ಕಳು.

ಮಾಘದ ಒಂದು ಸೋಮವಾರ ಆಕೆಯನ್ನು
ಕುಣಿಯಲ್ಲಿ ಕೂಡಿಸಿದೆವು.
ಎಡಗೈಯಲ್ಲಿ ಲಿಂಗ, ನೆತ್ತಿಗೆ ಪತ್ರಿ.
ನೆಟ್ಟಗೆ ಕುಂತಿದ್ದಳು,
ಬಂದವರು ಏನೂ ಅನ್ನದ ಹಾಗೆ.
ಎಲ್ಲರೂ ಸರದಿಯಲ್ಲಿ ಹಿಡಿ ಹಿಡಿ ಮಣ್ಣು ಹಾಕಿದರು.
ನಾನು ತಡ ಮಾಡಿದೆನೇನೋ,
"ಹಾಕಪಾ, ಹೊತ್ತಾತು" ಅಂದರು ಹಿಂದಿನಿಂದ ಯಾರೋ.
ಹಾಕುತ್ತೇನೆ, ಸ್ವಲ್ಪ ತಡೀರಿ.
ಹೆಬ್ಬೆಟ್ಟಿಗೆ ಎರಡು ಸಿಕ್ಕಿವೆ,
ಇನ್ನೊಂದು ಇದೆ, ಸಾಸಿವೆಯಷ್ಟು.