ಮೂರನೆಯ ಪಾದ

ಮನಾಮದ ಸೂಕಿನಲ್ಲಿ, ಬೀಗ ರಿಪೇರಿಯವನ ಮೇಲಿನ ಮಹಡಿ,
ಏ.ಸಿ. ಗೊರಗೊರ ಅನ್ನುವ ನಮ್ಮ ಅಂಗಡಿಗೆ
ಉಮ್ ಜುಮಾ ಒಂದು ಪಟ ತಂದರು,
ದಿಂಬಿನ ಹೊದಿಕೆಯಲ್ಲಿ ಸುತ್ತಿ.
"ಅಜ್ಜಿಯ ಅಕ್ಕ. ಅಥವಾ ಚಿಕ್ಕಮ್ಮ.
ಹೇಳಬೇಕಾದವರು ಹೋದರು.
ಮುತ್ತಿನ ಸರ ಹೊಳೆಯುವಂತೆ ಮಾಡು ಮಗಳೇ,
ಗಂಡ ನಖೂದ, ಹಡಗು ಎರಡಿದ್ದವು."

ಸ್ಕ್ಯಾನರಿನ ಬೆಳಕು ಅವಳ ಮೇಲೆ ಹಾದುಹೋಯಿತು,
ನೂರು ವರ್ಷಕ್ಕೆ ಮತ್ತೊಮ್ಮೆ
ಅಲುಗಬೇಡ ಅನ್ನುವಂತೆ.

ಹದಿನೇಳಿರಬಹುದು. ಹಿಂದೆ ಪರದೆಯಲ್ಲಿ ಬರೆದ ಸರೋವರ,
ಹಂಸ, ಈ ದ್ವೀಪ ಕಂಡಿರದ ಮರ.
ಮೇಜಿನ ಮೇಲೆ ಕಾಗದದ ಗುಲಾಬಿ, ಪುಸ್ತಕ –
ತಲೆಕೆಳಗು. ಓದು ಬಾರದವಳೋ,
ಬರುತ್ತದೆಂದು ಯಾರೂ ಎಣಿಸಲಿಲ್ಲವೋ.

ತುಟಿ ಬಿಗಿದಿದ್ದಾಳೆ. ಸಿಟ್ಟು ಅಂದುಕೊಂಡೆ.
ಹೆಗಲ ಮೇಲಿಂದ ಬಗ್ಗಿದ ಶಿರೂರಿನ ಮುಸ್ತಾಕ
"ನಗು ತಡೀತಿದ್ದಾಳೆ ಮಾರಾಯ್ತಿ" ಅಂದ.
ಅವನಿಗೆ ಹಾಗೇ ಕಾಣುವುದು, ಮೊನ್ನೆ ನಿಶ್ಚಯವಾದವನು.

ನಾಲ್ಕು ಪಟ್ಟು, ಎಂಟು ಪಟ್ಟು ಹಿಗ್ಗಿಸಿದೆ.
ಮುತ್ತುಗಳು ಮುತ್ತಲ್ಲ.
ಬಿಳಿ ಬಣ್ಣದ ಚುಕ್ಕಿ, ಕೂದಲೆಳೆಯ ಕುಂಚದ್ದು;
ಏಳನೆಯದಕ್ಕೆ ಕೈ ನಡುಗಿ ಕೊರಳಿನ ಅಂಚು ದಾಟಿದೆ.
ಮುತ್ತು ಮುಳುಗಿ ತೆಗೆಯುವ ಊರಲ್ಲಿ
ಇವಳ ಕೊರಳಿಗೆ ಬಣ್ಣದ್ದು.
ಯಾರೋ ನನ್ನ ಕಸುಬಿನವನೇ, ಕೂಲಿಗೆ, ದೀಪದ ಬುಡದಲ್ಲಿ
ಬೇರೆಯವರಿಗೆ ಐಶ್ವರ್ಯ ಬರೆದವನು.
ಅವನ ಊರು ಯಾವುದಿತ್ತೋ.

ಆಮೇಲೆ ಪಾದ ಎಣಿಸಿದೆ. ಮೂರು.
ಕುರ್ಚಿಯ ಹಿಂದೆ ಕಬ್ಬಿಣದ್ದೊಂದು:
ತಲೆ ಅಲುಗದಂತೆ ಹಿಂದಿನಿಂದ ಕತ್ತು ಹಿಡಿಯುವ ಕಂಬದ ಬುಡ.
ಗದ್ದದ ಆ ಗತ್ತು ಅವಳದಲ್ಲ, ಹಾಗಾದರೆ.
ಬಲಗಾಲು ಸ್ಪಷ್ಟ, ಕಡಗದ ಗೀರೂ ಕಾಣುತ್ತದೆ.
ಎಡಗಾಲು ಮಾತ್ರ ಹೊಗೆ.
ಒಂದು, ಎರಡು, ಮೂರು ಅಂತ ಅವನು ಎಣಿಸುವಷ್ಟರಲ್ಲಿ
ಹೇಳಿದ್ದೆಲ್ಲ ಕೇಳಿದ ಮೈಯಲ್ಲಿ
ಅದೊಂದು ಅಲ್ಲಾಡಿದೆ.
ಇರುವೆ ಇರಬಹುದು. ಜೋಮು ಇರಬಹುದು.
ಹೊರಗೆ ಬೀದಿಯಲ್ಲಿ ಡೋಲು ಇರಬಹುದು.

ಬೂಷ್ಟು ತೆಗೆದೆ, ಮಡಿಕೆಯ ಸೀಳು ಕೂಡಿಸಿದೆ,
ಮುತ್ತಿಗೆ, ಹೇಳಿದಂತೆ, ಹೊಳಪು ಕೊಟ್ಟೆ;
ನಡುಗಿದ ಏಳನೆಯದನ್ನು ಇದ್ದಲ್ಲೇ ಬಿಟ್ಟೆ.

ಗುರುವಾರ ಉಮ್ ಜುಮಾ ಕನ್ನಡಕ ಏರಿಸಿ
ಸರ ನೋಡಿ ಮಾಶಾಅಲ್ಲಾ ಅಂದರು. ಆಮೇಲೆ ಬೆರಳಿಟ್ಟು:
"ಈ ಕಾಲು ಯಾಕೆ ಮಸುಕು?"
"ಅದು ಸರಿಹೋಗಲ್ಲ" ಅಂದೆ.
ಸುಳ್ಳು. ಹತ್ತು ನಿಮಿಷದ ಕೆಲಸ.

ಮುಂಗಡ ಕಳೆದು ನಾಲ್ಕು ದಿನಾರ್ ಎಣಿಸುತ್ತ
ಕೇಳಿದರು: ಮೊಣಕಾಲಿನಿಂದ ಕೆಳಗೆ ಕತ್ತರಿಸಿದರೆ
ಫ್ರೇಮು ಅಗ್ಗವಾಗುತ್ತದಾ?

ಇಲ್ಲ ಖಾಲಾ, ಅಂದೆ,
ಅದೇ ರೇಟು.