ಆರು ನಿಮಿಷದ ಕೊಟೇಶನ್

ಗೋಕುಲ ರೋಡಿನ ನನ್ನ ಲೇತ್ ಅಂಗಡಿಗೆ
ಲೈನ್‌ಮನ್ ಹುಲಿಗೆಪ್ಪ ಮಡ್ಲಿ ಬಂದ,
ಸೊಂಟದ ಬೆಲ್ಟು ಬಿಚ್ಚದೆ,
ಮೊಬೈಲಿನ್ಯಾಗ ಒಂದು ವಿಡಿಯೋ ಹಿಡಕೊಂಡು:
ಮಣಿಯಷ್ಟಗಲದ ಹಲಗಿ, ಮ್ಯಾಲ ಒಬ್ಬ ಮನಿಶ್ಯಾ,
ಕೆಳಗ ಬೆಂಕಿ, ಅದರ ಕೆಳಗ ಸಮುದ್ರ.
"ಬದ್ದಿಯವರ, ಇದನ್ನ ಮಾಡಾಕ ಬರತೈತೇನ್ರಿ?"

ನಗಬೇಕಂದೆ. ಅವನ ಮಣಕಾಲು ನೋಡಿ ನಗಲಿಲ್ಲ.
ಇಪ್ಪತ್ತಾರು ವರ್ಷ ಸಿಮೆಂಟ್ ಕಂಬಕ್ಕ ಒತ್ತಿ ಒತ್ತಿ
ಪ್ಯಾಂಟಿನ ಹೊರಗಿಂದಲೂ ಕಾಣೋ ಗಂಟು.

ಡೆಲಿವರಿ ಚಲನ್ ತಿರುವಿ, ಹಿಂದ ಲೆಕ್ಕ ಬರದೆ.
ನೀನು, ಇಕ್ಕಳ, ಹಗ್ಗ: ಎಂಬತ್ತು ಕಿಲೋ.
ಹಲಗಿ, ಐದು ಎಂಜಿನ್ನು: ನಲವತ್ತು.
ಎಣ್ಣಿ ಮೂವತ್ತು.
ನೂರೈವತ್ತು ನೆಲ ಬಿಡಬೇಕಂದ್ರ
ಅದಕ್ಕಿಂತ ಹೆಚ್ಚು ಗಾಳಿನ ಕೆಳಗ ನೂಕಬೇಕು,
ನೂಕಾಕ ಎಣ್ಣಿ, ಆ ಎಣ್ಣಿ ಎತ್ತಾಕ ಮತ್ತ ಎಣ್ಣಿ,
ಬುತ್ತಿ ಹೊರಾಕ ಒಬ್ಬ ಆಳು, ಆ ಆಳಿಗೊಂದು ಬುತ್ತಿ.
ನಿಮಿಷಕ್ಕ ನಾಲ್ಕೂವರೆ ಲೀಟರು.
ಇಳಿಯಾಕ ಎರಡು ನಿಮಿಷ ಎತ್ತಿಟ್ಟರ
ಉಳಿಯೋದು ಆರು.

"ಆರು ಸಾಕು," ಅಂದ. "ಫ್ಯೂಜಿಗೆ ನಾಲ್ಕು."

ಅವನಿಗೆ ಹಾರಬೇಕಾಗಿರಲಿಲ್ಲ.
ಉಣಕಲ್ ಕೆರಿ ಮ್ಯಾಲಿಂದ ಹೆಂಗ ಕಾಣತೈತಿ
ಅಂತ ಕೇಳಲೂ ಇಲ್ಲ.
ತಂತಿಯ ಪಕ್ಕ, ತಂತಿಯ ಎತ್ತರಕ್ಕ
ಎರಡು ಕಾಲ ಮ್ಯಾಲ ನಿಂತು ಕೆಲಸ ಮಾಡಬೇಕು,
ತನ್ನ ಮನಿ ಬಾಗಿಲ ಚಿಲಕ ರಿಪೇರಿ ಮಾಡೋನಂಗ.

ಎಂಜಿನ್ ನನ್ನ ಕೈಲಾಗದು.
ಅಂಗೈಯಗಲದ ಚಕ್ರ, ನಿಮಿಷಕ್ಕ ಲಕ್ಷ ಸುತ್ತು;
ಕೂದಲೆಳಿ ತಪ್ಪಿದರ ಅದು ಚಕ್ರ ಅಲ್ಲ, ಗುಂಡು.
ನನ್ನ ಲೇತು ಎರಡು ಸಾವಿರಕ್ಕೇ ತೇಕತೈತಿ.
ತರಿಸಬಹುದು, ರೊಕ್ಕ ಇದ್ರ.
ನಿಲ್ಲೋದು? ಬೆರಳ ಮ್ಯಾಲ ಕಸಬರಗಿ ನಿಲ್ಲಿಸಿದಂಗ,
ಸೆಕೆಂಡಿಗೆ ನೂರು ಸಲ ಬೆರಳು ಸರೀಬೇಕು.
ಅದನ್ನೂ ಯಂತ್ರ ಮಾಡತೈತಿ. ಸುಳ್ಳು ಹೇಳಾಂಗಿಲ್ಲ,
ಆಗೋ ಕೆಲಸ.

ಆದರ ಒಂದು ಎಂಜಿನ್ನು ಕೆಮ್ಮಿತಂದ್ರ?
ಆಳೆತ್ತರದಿಂದ ಬಿದ್ದರ ಮೈ ತಡೀತೈತಿ.
ನೃಪತುಂಗ ಬೆಟ್ಟದಷ್ಟು ಮ್ಯಾಲಿದ್ರ ಪ್ಯಾರಾಶೂಟ್ ಬಿಚ್ಚತೈತಿ.
ನಡುವ ಇರೋದು ಕಂಬದೆತ್ತರ, ಹುಲಿಗೆಪ್ಪ.
ನಿನ್ನ ಎತ್ತರ.

ಕಡೀಗೆ ಹೊಳೀತು, ಮೊದಲೇ ಹೊಳೀಬೇಕಿತ್ತು:
ನಿನ್ನ ಎತ್ತಿದ ಗಾಳಿ ಸುಮ್ಮನ ಹೋಗಾಂಗಿಲ್ಲ,
ಸುಡಸುಡು ಹೋಗಿ ತಂತಿ ಕುಣಸತೈತಿ,
ಮೂಲಿಮ್ಯಾಲಿನ ದ್ಯಾಮವ್ವನ ಗಿರಮಿಟ್ಟಿನ ಚುರಮರಿ
ನವನಗರ ದಾಟಿ ಧಾರವಾಡಕ್ಕ ಮುಟ್ಟತೈತಿ.
ಆಗ ನಕ್ಕ. ಮೊಬೈಲ್ ಕಿಸೆದಾಗ ಇಟ್ಟ.
ಚಹಾ ಕುಡಿದು ಎದ್ದು ಹೋದ.

ಹದಿನೈದು ದಿನಕ್ಕ ಒಂದು ಹಲಗಿ ಮಾಡಿಕೊಟ್ಟೆ,
ಗೇಣಗಲ, ಕರೆಂಟ್ ಹಾಯದ ಫೈಬರಿನದು,
ಕಂಬ ಕಚ್ಚಾಕ ಎರಡು ಹಲ್ಲು, ಹಲ್ಲಿಗೆ ರಬ್ಬರು.
ಅಂಥಾದ್ದು ಪ್ಯಾಟ್ಯಾಗ ಮೊದಲ ಸಿಗತಿತ್ತೇನೋ,
ನಾ ಕೇಳಲಿಲ್ಲ.

ಆಷಾಢದ ಗಾಳಿ, ತಾರಿಹಾಳದ ಕಡೆ ಒಂದು ಕಂಬ.
ಹುಲಿಗೆಪ್ಪ ಮ್ಯಾಲ ನಿಂತಾನ,
ಕಂಬಕ್ಕೂ ಮಣಕಾಲಿಗೂ ನಡುವ
ನಾಲ್ಕು ಬೆರಳು ಆಕಾಶ.
ಕೆಳಗ ನಾನು ಗಡಿಯಾರ ನೋಡಕೋತ, ಹಾಳ ಚಟ.
ಆರು ಆತು. ಒಂಬತ್ತಾತು.
"ಎಣ್ಣಿ ತೀರಿತೇನ್ರೀ ಬದ್ದಿಯವರ?"
ಮ್ಯಾಲಿಂದ ಕೂಗಿದ.

ಚಲನ್ ಇನ್ನೂ ಡ್ರಾಯರಿನ್ಯಾಗ ಐತಿ.
ಮೊನ್ನೆ ರಾತ್ರಿ ಶಟರ್ ಎಳೆಯೋ ಮುಂದ
ಹಲಗಿಯ ನಲವತ್ತು ಹೊಡದು
ಮೂವತ್ತೆರಡು ಬರದೀನಿ.
ಉಳಿದ ಎಂಟು ಕಿಲೋ ಎಣ್ಣಿಗೆ ಕೊಟ್ಟರ
ಎರಡು ನಿಮಿಷ ಹೆಚ್ಚಿಗೆ.